ಬೀಡಿ ಕೆಲಸ ಬಿಡುವ ಮುನ್ನ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಅಕ್ಕಿಸಾಮಾನಿನಿಂದ ಹಿಡಿದು ಮಕ್ಕಳ ಶಾಲೆಯ ಖರ್ಚಿನವರೆಗೆ ಎಲ್ಲವೂ ಬೀಡಿ ಕಟ್ಟಿದ ದುಡ್ಡಿನಲ್ಲೇ ನಡೆದ ಮನೆಗಳು ಕಡಿಮೆಯೇನಲ್ಲ. ಆದರೆ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ನಿಷೇಧ ಬಿಗಿಯಾಯಿತು, 2016ರಿಂದ ಪೊಟ್ಟಣದ ಶೇ 85ರಷ್ಟು ಜಾಗ ಎಚ್ಚರಿಕೆಯ ಚಿತ್ರಕ್ಕೆ ಹೋಯಿತು, 2017ರಲ್ಲಿ ಶೇ 28ರ ಜಿಎಸ್‌ಟಿ ಬಿತ್ತು. ಇದರ ಪರಿಣಾಮ ಕಾಣುವುದು ಬ್ರಾಂಚಿನಲ್ಲಿ, ಅಂದರೆ ಸಾಮಗ್ರಿ ಕೊಟ್ಟು ಕಟ್ಟಿದ ಬೀಡಿ ಪಡೆಯುವ ಕೇಂದ್ರದಲ್ಲಿ. ಎಲೆ, ಹೊಗೆಸೊಪ್ಪು ತೂಗಿ ಕೊಡುವ ದಿನಗಳು ಕಡಿಮೆಯಾಗುತ್ತವೆ. ಕೆಲಸ ಪೂರ್ತಿ ನಿಲ್ಲುವುದಿಲ್ಲ, ಸಾಲುವಷ್ಟು ಸಿಗುವುದೂ ಇಲ್ಲ. ಬೇಸತ್ತು ಒಂದು ದಿನ ಬೀಡಿ ಕಟ್ಟುವ ತಡ್ಪೆಯನ್ನು (ಮೊರವನ್ನು) ಗೋಡೆಗೆ ಒರಗಿಸಿ ಸುಮ್ಮನಾದರೆ ನಷ್ಟವಾಗುವುದು ಕೂಲಿ ಮಾತ್ರವಲ್ಲ, ಅಷ್ಟು ವರ್ಷಗಳ ಸೇವೆಯ ಲೆಕ್ಕವೂ ಹೌದು. ಆದ್ದರಿಂದ ಬಿಡುವುದಕ್ಕೂ ಒಂದು ಕ್ರಮ ಬೇಕು.

ಮೊದಲು ದಾಖಲೆ. ಬೀಡಿ ಕಾರ್ಮಿಕರ ಗುರುತಿನ ಚೀಟಿ, ಕೆಲಸದ ಲೆಕ್ಕ ಬರೆಯುವ ಲಾಗ್ ಬುಕ್, ಪಿಎಫ್‌ನ (ಭವಿಷ್ಯ ನಿಧಿಯ) ಖಾತೆ ಗುರುತಿಸುವ ಯುಎಎನ್ ಸಂಖ್ಯೆ ಮತ್ತು ಆಧಾರ್ ಇವಿಷ್ಟನ್ನೂ ಒಟ್ಟಿಗೆ ಇಟ್ಟುಕೊಂಡು ಹೆಸರು, ಜನ್ಮದಿನಾಂಕ ಎಲ್ಲದರಲ್ಲೂ ಒಂದೇ ಇದೆಯೇ ಎಂದು ನೋಡಿ. ಮದುವೆಗೆ ಮುಂಚಿನ ಹೆಸರು ಒಂದರಲ್ಲಿ, ಗಂಡನ ಮನೆಯ ಹೆಸರು ಇನ್ನೊಂದರಲ್ಲಿ ಇರುವುದು ತೀರಾ ಸಾಮಾನ್ಯ, ಹಣ ಸಿಕ್ಕಿಹಾಕಿಕೊಳ್ಳುವುದೂ ಇಲ್ಲಿಯೇ. ತಿದ್ದುಪಡಿಗೆ ಉದ್ಯೋಗದಾತರ ಒಪ್ಪಿಗೆ ಬೇಕಾಗಬಹುದು, ಅದನ್ನು ಕೆಲಸದಲ್ಲಿರುವಾಗಲೇ ಮಾಡಿಸುವುದು ಸುಲಭ. ಅತ್ತೆಯ ಕಾರ್ಡಿನಲ್ಲಿ ಸೊಸೆ ಕಟ್ಟಿದ ಬೀಡಿಯೂ ಹೋಗುವ ಮನೆಗಳಿವೆ. ಅಲ್ಲಿ ಸೊಸೆಯ ದುಡಿಮೆಗೆ ಯಾವ ಪುರಾವೆಯೂ ಇರುವುದಿಲ್ಲ ಎಂಬ ಕಹಿ ಸತ್ಯವನ್ನು ಈಗಲೇ ಅರಿತುಕೊಳ್ಳಬೇಕು.

ಎರಡನೆಯದಾಗಿ, ವರ್ಷಗಳನ್ನು ಎಣಿಸಿ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 10 ವರ್ಷಗಳ ಸೇವೆ ಪೂರೈಸಿದವರಿಗೆ 58ರ ವಯಸ್ಸಿಗೆ ತಿಂಗಳ ಪಿಂಚಣಿ ದೊರೆಯುತ್ತದೆ. 50 ದಾಟಿದವರು ಕಡಿಮೆ ಮೊತ್ತಕ್ಕೆ ಒಪ್ಪಿ ಮೊದಲೇ ಪಡೆಯಬಹುದು. ಎಂಟೊಂಬತ್ತು ವರ್ಷ ಆಗಿದ್ದರೆ, ಕೆಲಸ ಎಷ್ಟೇ ಕಡಿಮೆಯಾಗಿದ್ದರೂ, ಹತ್ತು ತುಂಬುವವರೆಗೆ ಹೆಸರು ಉಳಿಸಿಕೊಳ್ಳುವುದೇ ಜಾಣತನ. ಅದು ಸಾಧ್ಯವಾಗದಿದ್ದರೆ ನಮೂನೆ 10-ಸಿ ತುಂಬುವಾಗ ಪಿಂಚಣಿಯ ಹಣ ಹಿಂಪಡೆಯುವ ಬದಲು ಸೇವೆಯ ವರ್ಷಗಳನ್ನು ಉಳಿಸಿಡುವ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಮುಂದೆ ಪಿಎಫ್ ಇರುವ ಗೇರುಬೀಜದ ಕಾರ್ಖಾನೆಗೋ ಗಾರ್ಮೆಂಟ್ಸ್‌ಗೋ ಸೇರಿದರೆ ಹಳೆಯ ಸೇವೆ ಅಲ್ಲಿನ ಸೇವೆಗೆ ಕೂಡಿಕೊಳ್ಳುತ್ತದೆ.

ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟಾದ ಗ್ರಾಚ್ಯುಟಿಯ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಒಂದು ಸೂಕ್ಷ್ಮವಿದೆ. 5 ವರ್ಷ ನಿರಂತರ ಸೇವೆಯಾದವರಿಗೆ ವರ್ಷಕ್ಕೆ 15 ದಿನಗಳ ಕೂಲಿಯ ಲೆಕ್ಕದಲ್ಲಿ ಅದು ಸಲ್ಲುತ್ತದೆ. ಆದರೆ ಬೀಡಿಯಂತೆ ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೆ ದಿನಗೂಲಿಯನ್ನು ಕೊನೆಯ 3 ತಿಂಗಳ ಕೂಲಿಯ ಸರಾಸರಿಯಿಂದ ನಿರ್ಧರಿಸುತ್ತಾರೆ. ಬಿಡುವುದು ಹೇಗೂ ನಿಶ್ಚಯ ಎಂದು ಆ ಮೂರು ತಿಂಗಳು ಅರೆಮನಸ್ಸಿನಿಂದ ಕಟ್ಟಿದರೆ ಅಷ್ಟೂ ವರ್ಷಗಳ ಮೊತ್ತ ಕುಗ್ಗುವ ಸಂಭವವಿದೆ. ಹೀಗಾಗಿ ಎಲೆ ಹೆಚ್ಚು ಸಿಗುವ ತಿಂಗಳುಗಳ ಬೆನ್ನಿಗೇ ರಾಜೀನಾಮೆ ಬರುವಂತೆ ನೋಡಿಕೊಳ್ಳಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನವೂ ಪಾಲಕರ ಕೆಲಸಕ್ಕೆ ಅಂಟಿಕೊಂಡಿರುವುದರಿಂದ ಆ ವರ್ಷದ ಅರ್ಜಿ ಮುಗಿದ ಮೇಲೆ ಬಿಡುವುದು ಒಳ್ಳೆಯದು.

ಇನ್ನು ಮುಂದಿನ ಕೆಲಸ. ಬೀಡಿಯ ದೊಡ್ಡ ಅನುಕೂಲವೆಂದರೆ ಅನ್ನಕ್ಕಿಟ್ಟು, ಮಗುವನ್ನು ಮಲಗಿಸಿ, ಉಳಿದ ಹೊತ್ತಿನಲ್ಲಿ ಮನೆಯಲ್ಲೇ ಮಾಡಬಹುದಾದ ದುಡಿಮೆ ಅದು. ಹೊಸ ಕೆಲಸಕ್ಕೂ ಈ ಗುಣ ಬೇಕೋ, ಅಥವಾ ಹೊರಗೆ ಹೋಗಿ ತಿಂಗಳ ಸಂಬಳ ತರುವ ಸ್ಥಿತಿ ಮನೆಯಲ್ಲಿದೆಯೋ ಎಂಬುದು ಮೊದಲು ತೀರ್ಮಾನವಾಗಲಿ. ಮನೆಯಲ್ಲೇ ಆಗಬೇಕೆಂದರೆ ಉಡುಪಿ ಕಡೆ ಮಲ್ಲಿಗೆ ಹತ್ತಿರದ ದಾರಿ. ಎಲೆ ಸುರುಳಿ ಸುತ್ತಿ, ನೂಲು ಬಿಗಿದು, ತುದಿ ಮಡಚಿ ಪಳಗಿದ ಬೆರಳುಗಳಿಗೆ ಬಾಳೆನಾರಿನಲ್ಲಿ ಮೊಗ್ಗು ಕಟ್ಟುವುದು ಕಷ್ಟವಾಗದು. ಆದರೆ ಮಲ್ಲಿಗೆ ಮಾರುಕಟ್ಟೆಯಾದ ಶಂಕರಪುರದ ದರ ದಿನಕ್ಕೊಂದು, ಗಿಡ ನೆಟ್ಟ ಕೂಡಲೇ ಕೈತುಂಬ ಹೂವೂ ಸಿಗದು. ಸಾಲ ಮಾಡಿ ತೋಟ ಮಾಡುವ ಮೊದಲು ಬೇರೆಯವರ ಹೂ ಕಟ್ಟಿಕೊಟ್ಟು ವ್ಯವಹಾರ ಕಲಿಯಿರಿ. ಹೊಲಿಗೆ, ತಿಂಡಿ ತಯಾರಿಯಂಥ ಕೆಲಸಗಳಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಹಿತ ಉಚಿತ ತರಬೇತಿ ನೀಡುತ್ತದೆ. ಸೇರುವ ಮುನ್ನ ವಯೋಮಿತಿ ವಿಚಾರಿಸಿ. ನಮ್ಮೂರಿನಲ್ಲಿ ಎಲ್ಲರೂ ಹೊಲಿಗೆಯನ್ನೇ ಕಲಿಯುತ್ತಾರೆ; ನಾಲ್ಕು ಮನೆಗೊಬ್ಬ ಟೈಲರ್ ಇರುವಲ್ಲಿ ಇನ್ನೊಬ್ಬರಿಗೆ ಬಟ್ಟೆ ಕೊಡುವವರು ಯಾರೆಂದು ಕೇಳಿಕೊಳ್ಳಲೇಬೇಕು.

ಈ ಪರೀಕ್ಷೆಯೆಲ್ಲ ಬ್ರಾಂಚಿನಲ್ಲಿ ಎಲೆ ಸಿಗದ ದಿನಗಳಲ್ಲೇ ನಡೆಯಲಿ. ಹೊಸ ಕೆಲಸದ ಆದಾಯ ಕೆಲವು ತಿಂಗಳು ಸ್ಥಿರವಾಗಿ ಬಂದಮೇಲೆ ರಾಜೀನಾಮೆಯನ್ನು ಬರಹದಲ್ಲಿ ಕೊಟ್ಟು, ಅದರ ಪ್ರತಿಯ ಮೇಲೆ ಸಹಿ ಪಡೆದು, ಲಾಗ್ ಬುಕ್ಕನ್ನು ಒಪ್ಪಿಸುವ ಮುನ್ನ ಪ್ರತಿ ಪುಟದ ನಕಲು ತೆಗೆಸಿಕೊಳ್ಳಿ. ಕೆಲಸ ಬಿಟ್ಟ ದಿನಾಂಕವನ್ನು ಪಿಎಫ್ ಖಾತೆಯಲ್ಲಿ ನಮೂದಿಸದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಮಾಲೀಕರು ನಮೂದಿಸದೆ ಬಿಟ್ಟಿದ್ದರೆ, ಕೊನೆಯ ವಂತಿಗೆ ಸಂದ ಎರಡು ತಿಂಗಳ ನಂತರ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಅದನ್ನು ದಾಖಲಿಸಬಹುದು.