ಬ್ಯಾಂಕಾಕ್‌ನ ಹಳೆಯ ನಗರವನ್ನು ನೋಡುವ ಬಗೆ

ಬ್ಯಾಂಕಾಕ್ ಪ್ರವಾಸಕ್ಕೆ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ಹಿತಕರ. ನಗರದ ವಾಹನ ದಟ್ಟಣೆ ಪ್ರವಾಸಿಗರನ್ನು ಬಹುಬೇಗ ದಣಿಸುವುದರಿಂದ, ಹಳೆಯ ನಗರಕ್ಕೆ ಟ್ಯಾಕ್ಸಿಯಲ್ಲಿ ಹೋಗುವ ಬದಲು ಸ್ಕೈಟ್ರೇನ್‌ನಲ್ಲಿ ಸಫಾನ್ ತಕ್ಸಿನ್ ನಿಲ್ದಾಣಕ್ಕೆ ಬಂದು, ಪಕ್ಕದಲ್ಲೇ ಇರುವ ಸಾಥೋರ್ನ್ ದೋಣಿಕಟ್ಟೆಯಿಂದ ಚಾವೊ ಫ್ರಾಯಾ ನದಿಯ ಕಿತ್ತಳೆ ಬಾವುಟದ ದೋಣಿಯನ್ನು ಹತ್ತುವುದು ಉತ್ತಮ.

1782ರಲ್ಲಿ ಒಂದನೆಯ ರಾಮ ದೊರೆ ಕಟ್ಟಿಸಲಾರಂಭಿಸಿದ ಗ್ರ್ಯಾಂಡ್ ಪ್ಯಾಲೇಸ್‌ಗೆ ಬೆಳಿಗ್ಗೆ 8.30ಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಬೇಕು. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ದಾರಿಯಲ್ಲಿ ಅಪರಿಚಿತರು ‘ಇಂದು ಅರಮನೆ ಮುಚ್ಚಿದೆ’ ಎಂದು ಹೇಳಿ ಬೇರೆಡೆ ಕರೆದೊಯ್ಯಲು ಮುಂದಾದರೆ ನಂಬದೆ, ನೇರವಾಗಿ ಟಿಕೆಟ್ ಕೌಂಟರಿಗೇ ಹೋಗಿ ವಿಚಾರಿಸಿ. ಒಳಗಿನ ಪಚ್ಚೆ ಬುದ್ಧನ ಗುಡಿಯ ಸುತ್ತಲಿನ ಮೊಗಸಾಲೆಗೆ ದಯವಿಟ್ಟು ಸಾಕಷ್ಟು ಸಮಯ ಕೊಡಿ. ಥಾಯ್ ರಾಮಾಯಣವಾದ ರಾಮಕಿಯೆನ್‌ನ ಕಥೆ ಅಲ್ಲಿನ ಗೋಡೆಗಳ ಮೇಲೆ 178 ಚಿತ್ರಗಳಾಗಿ ಹರಡಿಕೊಂಡಿದ್ದು, ಬಿಳಿಯ ಮೈಬಣ್ಣದ ಹನುಮಂತನನ್ನು ನಮ್ಮವರು ಥಟ್ಟನೆ ಗುರುತಿಸಬಲ್ಲರು.

ಅಲ್ಲಿಂದ ವಾಟ್ ಫೋ ದೇವಾಲಯಕ್ಕೆ ನಡೆದೇ ಹೋಗಬಹುದು. 46 ಮೀಟರ್ ಉದ್ದದ ಶಯನ ಬುದ್ಧನ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೂಡಿಸಿದ 108 ಮಂಗಳ ಚಿಹ್ನೆಗಳನ್ನು ಹತ್ತಿರದಿಂದಲೇ ನೋಡಬೇಕು. ಸಮೀಪದ ಕಟ್ಟೆಯಿಂದ ದೋಣಿಯಲ್ಲಿ ನದಿ ದಾಟಿದರೆ ವಾಟ್ ಅರುಣ್ ದೇವಾಲಯ ಸಿಗುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬರೀ ತರಕಾರಿಯ ಪಲ್ಯದಂತೆ ಕಾಣುವ ತಿನಿಸಿಗೂ ಮೀನಿನ ಸಾಸ್ ಬೆರೆಸಿರುವುದು ಅಲ್ಲಿ ಸಾಮಾನ್ಯವಾದ್ದರಿಂದ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಶುದ್ಧ ಸಸ್ಯಾಹಾರದ ಅಂಗಡಿಗಳನ್ನೇ ಹುಡುಕಿಕೊಳ್ಳಿ.