ಕಾರಿನ ಹಿಂಬಾಗಿಲ ಚಿಲಕ ಹಿಡಿದುಕೊಂಡಾಗ: ನನ್ನ ಅನುಭವ

ಕಾರಿನ ತೆರೆದ ಬಾಗಿಲಿನ ಚಿಲಕ ರಿಪೇರಿ ಮಾಡುವುದಕ್ಕೂ ಮುಚ್ಚಿ ಲಾಕ್ ಆಗಿರುವ ಬಾಗಿಲಿನ ಚಿಲಕ ರಿಪೇರಿ ಮಾಡುವುದಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಬಾಗಿಲಿನ ಅಂಚಿನ ಮೂರು ಸ್ಕ್ರೂ ಬಿಚ್ಚಿದರೆ ಚಿಲಕ ಸಡಿಲವಾಗಿ ಕೈಗೆ ಬರುತ್ತದೆ. ಎರಡನೆಯದರಲ್ಲಿ ಆ ಸ್ಕ್ರೂಗಳು ಚೌಕಟ್ಟಿನ ಕಂಬಕ್ಕೂ ಬಾಗಿಲಿಗೂ ನಡುವೆ ಅಡಗಿರುತ್ತವೆ. ಬಾಗಿಲು ತೆರೆಯದೆ ಸ್ಕ್ರೂ ಸಿಗುವುದಿಲ್ಲ, ಸ್ಕ್ರೂ ಸಿಗದೆ ಚಿಲಕ ಬರುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಮುಂದೆ ನಿಲ್ಲುವ, ಹತ್ತು ವರ್ಷ ದಾಟಿದ ಸಣ್ಣ ಕಾರಿನ ಎಡ ಹಿಂಬಾಗಿಲು ನನ್ನನ್ನು ಈ ಇಕ್ಕಟ್ಟಿಗೆ ಸಿಲುಕಿಸಿತು.

ಗ್ಯಾರೇಜಿನವರೊಬ್ಬರು ಹಿಡಿಕೆಯ ಪಕ್ಕದ ತಗಡು ಕೊರೆದು ತೆರೆಯೋಣ ಎಂದರು. ಕೊರೆದರೆ ಬಾಗಿಲೇನೋ ತೆರೆದೀತು, ಆಮೇಲೆ ತೂತು ಮುಚ್ಚುವ ಡೆಂಟಿಂಗು, ಪೇಂಟಿಂಗು ಯಾರ ತಲೆಗೆ? ನಾನು ಗಾಡಿ ವಾಪಸು ತಂದೆ.

ಕೈ ಹಾಕುವ ಮೊದಲು ರೋಗ ಯಾವುದೆಂದು ಗೊತ್ತಾಗಬೇಕು. ಹೊರಗಿನ ಹಿಡಿಕೆ ಎಳೆದಾಗ ಯಾವ ಬಿಗುವೂ ಇಲ್ಲದೆ ಜೋತುಬಿದ್ದಂತೆ ಬಂದರೆ ಹಿಡಿಕೆಗೂ ಚಿಲಕಕ್ಕೂ ನಡುವಿನ ಸರಳು ಕಳಚಿರುತ್ತದೆ ಅಥವಾ ಅದರ ಪ್ಲಾಸ್ಟಿಕ್ ಕ್ಲಿಪ್ ಮುರಿದಿರುತ್ತದೆ. ಲಾಕಿನ ಗುಂಡಿ ಸಲೀಸಾಗಿ ಮೇಲೆ ಬಂದು, ಹಿಡಿಕೆಯೂ ಬಿಗಿಯಾಗಿದ್ದು, ಬಾಗಿಲು ಮಾತ್ರ ಬಿಡದಿದ್ದರೆ ಕಂಬದ ಸ್ಟ್ರೈಕರನ್ನು, ಅಂದರೆ ಅಲ್ಲಿರುವ ಲೋಹದ ಬಳೆಯನ್ನು, ಕಚ್ಚಿರುವ ಚಿಲಕದ ಕೊಕ್ಕೆಯೇ ಬಿಗಿದಿದೆ ಎಂದರ್ಥ. ಇದಕ್ಕೆ ಒಬ್ಬರು ಬಾಗಿಲನ್ನು ಸೊಂಟದಿಂದ ಒಳಕ್ಕೆ ಒತ್ತಿ ಹಿಡಿದು, ಇನ್ನೊಬ್ಬರು ಹಿಡಿಕೆ ಎಳೆದರೆ ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಬಾಗಿಲ ಸುತ್ತಲಿನ ರಬ್ಬರು ಹೊರಕ್ಕೆ ತಳ್ಳುತ್ತಿರುವುದರಿಂದ ಕೊಕ್ಕೆಯ ಮೇಲೆ ಭಾರ ಬಿದ್ದಿರುತ್ತದೆ, ಒತ್ತಿದಾಗ ಆ ಭಾರ ಇಳಿಯುತ್ತದೆ.

ನನ್ನದು ಇವೆರಡೂ ಅಲ್ಲ. ರಿಮೋಟ್ ಒತ್ತಿದರೆ ಉಳಿದ ಮೂರು ಬಾಗಿಲುಗಳ ಗುಂಡಿ ಟಪ್ಪೆಂದು ಮೇಲೇಳುತ್ತಿದ್ದವು. ಇದರದು ಸಣ್ಣಗೆ ನಡುಗಿ, ಒಂದು ನೂಲಿನಷ್ಟು ಎದ್ದು, ಮತ್ತೆ ಕುಸಿಯುತ್ತಿತ್ತು. ಒಳಗೆ ಮೋಟಾರು ತಿಣುಕುವ ಸದ್ದು ಕೇಳುತ್ತಿತ್ತು. ಅಂದರೆ ಕರೆಂಟು ಬರುತ್ತಿದೆ, ಚಿಲಕದ ಲಾಕ್ ಸನ್ನೆ (ಲಿವರ್) ಹೊರಳುತ್ತಿಲ್ಲ. ಲಾಕ್ ಬಿಡದ ಕಾರಣ ಹೊರಹಿಡಿಕೆ ನಿರುಪಯೋಗಿ. ಒಳಹಿಡಿಕೆಯಾದರೂ ಇದೆಯಲ್ಲ ಎಂದರೆ, ಮನೆಯಲ್ಲಿ ಚಿಕ್ಕ ಮಗುವಿರುವುದರಿಂದ ಚೈಲ್ಡ್ ಲಾಕ್ ಹಾಕಿತ್ತು, ಅದು ಹಾಕಿದ್ದರೆ ಒಳಹಿಡಿಕೆಯಿಂದ ಬಾಗಿಲು ತೆರೆಯುವುದಿಲ್ಲ. ಅದರ ಗುಬುಟೂ ಬಾಗಿಲಿನ ಅಂಚಿನಲ್ಲೇ ಇರುತ್ತದೆ! ಗುಂಡಿಯನ್ನು ಇಕ್ಕಳದಿಂದ ಜಗ್ಗುವ ಆಸೆ ಯಾರಿಗಾದರೂ ಬರುತ್ತದೆ. ಜಗ್ಗಿದರೆ ಕೆಳಗಿನ ಸರಳು ಬಾಗುತ್ತದೆ, ಒಂದು ರೋಗ ಹೋಗಿ ಎರಡಾಗುತ್ತವೆ.

ಉಳಿದ ದಾರಿ ಒಂದೇ, ಒಳಗಿನಿಂದ ಬಾಗಿಲಿನ ಒಳಮೈ ಮುಚ್ಚಿರುವ ಪ್ಯಾನೆಲ್ ಬಿಚ್ಚುವುದು. ಮುಂದಿನ ಸೀಟನ್ನು ಪೂರ್ತಿ ಮುಂದೆ ಸರಿಸಿ, ಹಿಂದಿನ ಸೀಟಿನ ಕೂರುವ ಭಾಗವನ್ನು ಕಿತ್ತು ಹೊರಗಿಟ್ಟೆ. ಆ ಜಾಗ ಸಿಗದಿದ್ದರೆ ಮೊಣಕೈ ಆಡುವುದಿಲ್ಲ. ಗಾಜನ್ನು ಪೂರ್ತಿ ಏರಿಸಿಕೊಳ್ಳಬೇಕು. ಇಳಿಸಿದ ಗಾಜು ಬಾಗಿಲಿನೊಳಗೆ ಅಡ್ಡ ನಿಲ್ಲುತ್ತದೆ. ನಮ್ಮ ಗಾಡಿಯ ಹಿಂಬಾಗಿಲಿಗೆ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಇದೆ, ಅದನ್ನು ಹಿಡಿದಿರುವುದು ಹಿಂಬದಿಯ ತಂತಿಯ ಕ್ಲಿಪ್. ಇದಕ್ಕೆ ವಿಶೇಷ ಸಲಕರಣೆ ಏನೂ ಬೇಡ. ಹಳೆಯ ಪಂಚೆಯ ಒಂದು ಪಟ್ಟಿಯನ್ನು ಹ್ಯಾಂಡಲಿನ ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ಅತ್ತಿತ್ತ ಎಳೆದರೆ ಬಟ್ಟೆ ಕ್ಲಿಪ್ಪಿನ ತುದಿಗೆ ಸಿಕ್ಕಿಕೊಂಡು ಅದನ್ನು ಹೊರಕ್ಕೆ ಹಾರಿಸುತ್ತದೆ. ಎಲ್ಲಿಗೆ ಹಾರುತ್ತದೆಂದು ನೋಡಿಟ್ಟುಕೊಳ್ಳಬೇಕು, ಅಷ್ಟೇ.

ಹಿಡಿಕೆಯ ಬಟ್ಟಲಲ್ಲಿ ಒಂದು ಸ್ಕ್ರೂ, ಬಾಗಿಲನ್ನು ಎಳೆದುಕೊಳ್ಳುವ ಗುಳಿಯಲ್ಲಿ ಇನ್ನೊಂದು. ಉಳಿದದ್ದು ಅಂಚಿನ ಪ್ಲಾಸ್ಟಿಕ್ ಕ್ಲಿಪ್ಪುಗಳು. ಮುಚ್ಚಿದ ಬಾಗಿಲಲ್ಲಿ ಚಿಲಕದ ಕಡೆಯ ಕ್ಲಿಪ್ಪುಗಳಿಗೆ ಕೈ ಎಟಕುವುದಿಲ್ಲ, ಹಾಗಾಗಿ ಮುಂದಿನ ಕೆಳಮೂಲೆಯಿಂದ ಬಿಡಿಸುತ್ತಾ ಬಂದೆ. ಬಿಸಿಲಲ್ಲಿ ಬೆಂದ ಪ್ಲಾಸ್ಟಿಕ್ಕು, ಕೆಲವು ಮುರಿದವು. ಹೊಸ ಕ್ಲಿಪ್ ಸಿಗುತ್ತವೆ, ತಲೆಕೆಡಿಸಿಕೊಳ್ಳಬೇಕಿಲ್ಲ. ಬಾಗಿಲಲ್ಲಿ ಏರ್‌ಬ್ಯಾಗ್ ಅಥವಾ ಅದರ ಸೆನ್ಸರ್ ಇರುವ ಹೊಸ ಗಾಡಿಯಾದರೆ ಮಾತ್ರ ಈ ಕೆಲಸವನ್ನು ತಿಳಿದವರಿಗೆ ಬಿಡುವುದು ಲೇಸು.

ಪ್ಯಾನೆಲ್ ಹಿಂದೆ ಕಪ್ಪು ಅಂಟಿನಿಂದ ಮೆತ್ತಿದ ಪ್ಲಾಸ್ಟಿಕ್ ಹಾಳೆ. ಅದನ್ನು ಚಿಲಕದ ಕಡೆಯ ಮೂಲೆಯಲ್ಲಷ್ಟೇ ನಿಧಾನವಾಗಿ ಸುಲಿದೆ. ಒಳತಗಡಿನ ಅಂಚು ಬ್ಲೇಡಿನಷ್ಟು ಹರಿತ, ತುಂಬುತೋಳಿನ ದಪ್ಪ ಅಂಗಿ ಹಾಕದೆ ಕೈ ತೂರಿಸಬಾರದು. ಕಣ್ಣಿಗೆ ಕಾಣದ ಜಾಗಕ್ಕೆ ಮೊಬೈಲ್ ಕ್ಯಾಮೆರಾ ಇಳಿಸಿ, ಟಾರ್ಚ್ ಹಾಕಿ ವಿಡಿಯೊ ತೆಗೆದೆ. ಚಿಲಕದ ಮೇಲ್ಭಾಗವೆಲ್ಲ ಎರೆಮಣ್ಣಿನ ದೂಳು ಕಂಪನಿಯ ಗ್ರೀಸಿನೊಂದಿಗೆ ಬೆರೆತು ಕರಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಗುಂಡಿಯ ಸರಳು ಬಂದು ಸೇರುವ ಸನ್ನೆ ಆ ಹೆಪ್ಪಿನಲ್ಲಿ ಅರ್ಧ ಹೂತಿತ್ತು.

ಬಿಗಿದದ್ದನ್ನು ಸಡಿಲಿಸುವ ಸ್ಪ್ರೇ ಡಬ್ಲ್ಯುಡಿ-40ರ ಕೆಂಪು ಕೊಳವೆಯನ್ನು ಅಲ್ಲಿಗೆ ಮುಟ್ಟಿಸಿ ಧಾರಾಳವಾಗಿ ಹೊಡೆದು, ಚಹಾ ಕುಡಿದು ಬಂದೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸನ್ನೆಯ ಕೆಳಗೆ ಆನಿಸಿ ಮೇಲಕ್ಕೆ ಒತ್ತುತ್ತಾ, ಹೊರಗೆ ನಿಂತ ಹೆಂಡತಿಗೆ ರಿಮೋಟ್ ಒತ್ತಲು ಹೇಳಿದೆ. ಒತ್ತುವಾಗ ಹಿಡಿಕೆ ಎಳೆದು ಹಿಡಿಯಬಾರದು, ಹಿಡಿದರೆ ಕೆಲವು ಚಿಲಕಗಳಲ್ಲಿ ಲಾಕ್ ಬಿಡುವುದೇ ಇಲ್ಲ. ಮೊದಲು ರಿಮೋಟ್, ಆಮೇಲೆ ಹಿಡಿಕೆ. ಸನ್ನೆ ಕಿರ್ರೆಂದು ಹೊರಳಿತು, ಗುಂಡಿ ಪೂರ್ತಿ ಎದ್ದಿತು, ಬಾಗಿಲು ತೆರೆಯಿತು.

ಇಲ್ಲಿಗೆ ನಿಲ್ಲಿಸಿ ಖುಷಿಯಿಂದ ಬಾಗಿಲು ಬಡಿದು ಮುಚ್ಚಿದರೆ ಕಥೆ ಮತ್ತೆ ಮೊದಲಿಗೆ. ಸ್ಪ್ರೇ ಮಣ್ಣನ್ನು ಮೆದು ಮಾಡುತ್ತದೆ, ತೆಗೆದುಹಾಕುವುದಿಲ್ಲ. ಮೂರು ಸ್ಕ್ರೂ ತೆಗೆದು ಚಿಲಕವನ್ನು ಹೊರತಂದು, ಮೋಟಾರನ್ನು ಬೇರ್ಪಡಿಸಿಟ್ಟು, ಚಿಲಕವನ್ನಷ್ಟೇ ಸೀಮೆಎಣ್ಣೆಯಲ್ಲಿ ಅದ್ದಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಮೋಟಾರಿನ ಎರಡು ತಂತಿಗಳನ್ನು 12 ವೋಲ್ಟಿನ ಬ್ಯಾಟರಿಗೆ ಕ್ಷಣಮಾತ್ರ ತಾಗಿಸಿ ನೋಡಿದೆ: ಒಂದು ರೀತಿ ತಾಗಿಸಿದರೆ ಮುಂದಕ್ಕೆ, ತಂತಿ ಅದಲುಬದಲು ಮಾಡಿದರೆ ಹಿಂದಕ್ಕೆ ಚುರುಕಾಗಿ ಓಡಿತು. ಹೊಸದು ಕೊಳ್ಳುವ ಖರ್ಚು ಉಳಿಯಿತು. ಒಣಗಿದ ಚಿಲಕಕ್ಕೆ ಬಿಳಿ ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿದೆ. ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸು ಇಲ್ಲಿ ಬೇಡ, ದೂಳು ಬಂದು ಕೂರಲು ಅದು ಹಾಸಿಗೆ ಹಾಸಿಕೊಟ್ಟಂತೆ.

ಜೋಡಿಸಿದ ಮೇಲೆ, ಬಾಗಿಲು ತೆರೆದಿರುವಾಗಲೇ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿ, ರಿಮೋಟ್, ಗುಂಡಿ, ಹೊರಹಿಡಿಕೆ, ಚೈಲ್ಡ್ ಲಾಕ್ ತೆಗೆದು ಒಳಹಿಡಿಕೆ, ಎಲ್ಲವನ್ನೂ ಪರೀಕ್ಷಿಸಿದೆ. ಪ್ರತಿ ಸಲವೂ ಕೊಕ್ಕೆ ಬಿಡುತ್ತದೆಂದು ಖಾತ್ರಿಯಾದ ಮೇಲೆಯೇ ಬಾಗಿಲು ಮುಚ್ಚಿದ್ದು.

ಇಷ್ಟು ಮಣ್ಣು ಒಳಗೆ ಹೋದದ್ದು ಹೇಗೆ? ಗಾಜಿನ ಹೊರಬದಿಯ ರಬ್ಬರ್ ಬೀಡಿಂಗ್ ಬಿಸಿಲಿಗೆ ಒಣಗಿ, ಚಿಲಕದ ನೆತ್ತಿಯ ಮೇಲೆಯೇ ಬಿರುಕು ಬಿಟ್ಟಿತ್ತು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಹೋದಾಗಿನ ದೂಳು ಅಲ್ಲಿಂದ ಇಳಿದಿದೆ, ಗಾಡಿ ತೊಳೆದ ನೀರು ಅದನ್ನು ಕೆಸರು ಮಾಡಿದೆ. ಬಾಗಿಲಿನ ತಳದಲ್ಲಿ ನೀರು ಹೋಗುವ ಕಿಂಡಿಗಳೂ ಮುಚ್ಚಿದ್ದವು. ತಂತಿ ಆಡಿಸಿದಾಗ ಒಂದು ಬೊಗಸೆ ಕರಿ ಮಣ್ಣು ಉದುರಿತು. ಬೀಡಿಂಗನ್ನು ನಾಲ್ಕೂ ಬಾಗಿಲಿಗೆ ಬದಲಾಯಿಸಿದ್ದೇನೆ. ಬಲ ಹಿಂಬಾಗಿಲ ಗುಂಡಿಯೂ ಈಚೆಗೆ ಸ್ವಲ್ಪ ತಡವಾಗಿ ಏಳುತ್ತಿದೆ, ಬರುವ ಭಾನುವಾರ ಅದರ ಸರದಿ. ಅದು ಇನ್ನೂ ತೆರೆಯುತ್ತದೆ, ಹಾಗಾಗಿ ಸೀಟು ಕೀಳುವ ಕೆಲಸವಿಲ್ಲ.