ಮನೆಯೊಳಗಿನ ಸೌತೆ ಬಳ್ಳಿ: ಹೂ ಬಿಟ್ಟರೂ ಕಾಯಿ ನಿಲ್ಲದಿದ್ದರೆ

ಹೈಡ್ರೋಪೋನಿಕ್ಸ್‌ನಲ್ಲಿ (ಮಣ್ಣಿಲ್ಲದೆ, ಗೊಬ್ಬರ ಬೆರೆಸಿದ ನೀರಲ್ಲಿ ಗಿಡ ಬೆಳೆಸೋದು) ಸೌತೆ ಹಾಕಿದವರ ಗೋಳು ಒಂದೇ: ಹೂ ರಾಶಿ ಬಿಡುತ್ತೆ, ಪುಟ್ಟ ಮಿಡಿ ಹಳದಿಯಾಗಿ ಉದುರುತ್ತೆ. ಬಹಳ ಸಲ ಇದು ಗೊಬ್ಬರದ ತಪ್ಪಲ್ಲ, ಮನೆಯೊಳಗೆ ಜೇನುನೊಣ ಇಲ್ಲ, ಅಷ್ಟೇ. ಬೆಳಿಗ್ಗೆ ಹೂ ಅರಳಿದಾಗ ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೂವಿನ ಹಿಂದೆ ಎಳೆ ಮಿಡಿ ಇದ್ದರೆ ಹೆಣ್ಣು, ಬರೀ ತೆಳು ತೊಟ್ಟಿದ್ದರೆ ಗಂಡು. ಈ ರಗಳೆ ಬೇಡ ಅಂದ್ರೆ 'ಪಾರ್ಥೆನೋಕಾರ್ಪಿಕ್' ಅಂತ ಬರೆದಿರೋ ಬೀಜದ ಪೊಟ್ಟಣ ತಗೊಳ್ಳಿ. ಪರಾಗಸ್ಪರ್ಶ ಇಲ್ಲದೆಯೇ ಕಾಯಿ ಬಿಡುತ್ತೆ. ಸಂತೆಯ ನಾಟಿ ಬೀಜದಿಂದ ಅದನ್ನು ನಿರೀಕ್ಷಿಸಬೇಡಿ.

ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6, ಇಸಿ (ನೀರಲ್ಲಿ ಕರಗಿದ ಗೊಬ್ಬರ ಎಷ್ಟಿದೆ ಅನ್ನೋ ಅಳತೆ) 2 mS/cm ಆಸುಪಾಸು ಇರಲಿ. ಕಾಯಿ ಬಿಡೋ ಹೊತ್ತಲ್ಲಿ ಬಳ್ಳಿ ನೀರು ಸಿಕ್ಕಾಪಟ್ಟೆ ಕುಡಿಯುತ್ತೆ, ಟಬ್ ದಿನಾ ನೋಡಿ. ನೀರು ಇಳಿದು ಇಸಿ ಏರಿದ್ದರೆ ಗೊಬ್ಬರ ಬೇಡ, ಬರೀ ನೀರು ಸೇರಿಸಿ. ಬೇಸಿಗೆಯಲ್ಲಿ ನೀರು ಬಿಸಿಯಾದರೆ ಬೇರು ಕಂದಾಗಿ ಕೊಳೆಯುತ್ತೆ, ನೀರಿಗೆ ಗಾಳಿ ಊದೋ ಏರ್ ಪಂಪ್ ನಿಲ್ಲಿಸಬೇಡಿ. ಗ್ರೋ ಲೈಟ್ (ಬಿಸಿಲಿನ ಬದಲು ಗಿಡಕ್ಕೆ ಹಾಕೋ ದೀಪ) ದಿನಕ್ಕೆ 14ರಿಂದ 16 ಗಂಟೆ.

ಮೇಲಿಂದ ದಾರ ಇಳಿಬಿಟ್ಟು ಹಬ್ಬಿಸಿ, ಬುಡದ 5–6 ಗೆಣ್ಣುಗಳ ಕವಲು ಚಿವುಟಿ. ನಾನು ಮೊದಲ ಸಲ ಮನಸ್ಸು ಬರದೆ ಹಾಗೇ ಬಿಟ್ಟಿದ್ದೆ, ಬಳ್ಳಿ ಕಿಟಕಿ ಪರದೆ ಏರಿ ಕೂತಿತ್ತು!